ವಾರಗಿತ್ತಿಗಿಂತ ಹೆಚ್ಚು

ಚಿನ್ನಮನೂರಿನ ಗದ್ದೆಬಯಲಲ್ಲಿ ಕರುಪ್ಪಾಯಿಯಷ್ಟು ಹೊಟ್ಟೆಕಿಚ್ಚಿನ ಹೆಂಗಸು ಇನ್ನೊಬ್ಬಳಿರಲಿಲ್ಲ. ಕಿಚ್ಚೆಲ್ಲ ಮೈದುನನ ಹೆಂಡತಿ ಅಳಗಮ್ಮಾಳ್ ಮೇಲೆ. ಆ ಮನೆಯಲ್ಲಿ ನಾಟಿಯ ಮೊದಲ ಸಸಿ ಊರುವುದು ಹಿರಿಸೊಸೆಯ ಹಕ್ಕು. ಅವಳು ಊರಿದ ಮೇಲೆಯೇ ಉಳಿದವರು ಬಗ್ಗಬೇಕು. ಹಿರಿಯಳು ಕರುಪ್ಪಾಯಿ. ಆದರೆ 1897ರಲ್ಲಿ, ಬೆಟ್ಟದ ಹೊಸ ಅಣೆಕಟ್ಟಿನ ನೀರು ಗದ್ದೆಗಳಿಗೆ ಬಂದ ಎರಡನೇ ವರ್ಷ, ಅವಳು ಬದುವಿನ ಮೇಲೆಯೇ ಏದುಸಿರು ಬಿಡುತ್ತ ಕುಸಿದಳು. ಮುಖ ಬಿಳಿಚಿತ್ತು, ಪಾದ ಊದಿತ್ತು. ಮೊದಲ ಸಸಿಯನ್ನು ಅಳಗಮ್ಮಾಳ್ ಊರಿದಳು.

ಇಬ್ಬರೂ ತುಳಿದದ್ದು ಒಂದೇ ಕೆಸರು, ಅದೂ ಬರಿಗಾಲಲ್ಲಿ. ಅಳಗಮ್ಮಾಳ್ ಮಾತ್ರ ಕಲ್ಲುಗುಂಡಿನಂತಿದ್ದಾಳಲ್ಲ! ಗಂಡ ಗುರುಸಾಮಿ ದಿಂಡಿಗಲ್ಲಿನ ಆಸ್ಪತ್ರೆಗೆ ಗಾಡಿ ಕಟ್ಟಿದಾಗ ಕರುಪ್ಪಾಯಿ ಹಟ ಹಿಡಿದಳು: "ಅವ್ಳೂ ಬರ್ಲಿ. ಅವ್ಳ ಹೊಟ್ಟೇನೂ ನೋಡ್ಲಿ."

ಡಾಕ್ಟರು ಇಬ್ಬರ ಮಲವನ್ನೂ ರಕ್ತವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಸರಿನಿಂದ ಬರಿಗಾಲಿನ ಮೂಲಕ ಮೈಹೊಕ್ಕು ಕರುಳಲ್ಲಿ ನೆಲೆಸುವ ಕೊಕ್ಕೆಹುಳುವಿನ ಮೊಟ್ಟೆಗಳು ಇಬ್ಬರಲ್ಲೂ ಇದ್ದವು. ಅಳಗಮ್ಮಾಳಲ್ಲಿ ನಾಲ್ಕೈದು, ಕರುಪ್ಪಾಯಿಯಲ್ಲಿ ಲೆಕ್ಕವಿಲ್ಲದಷ್ಟು. ಬಣ್ಣ ಹಾಕಿದರೆ ಕೆಂಪಗೆ ಕಾಣುವ ಒಂದು ಬಗೆಯ ಬಿಳಿ ರಕ್ತಕಣವೂ ಕರುಪ್ಪಾಯಿಯಲ್ಲೇ ಹೆಚ್ಚು.

"ಅವ್ಳಿಗಿಂತ ನನ್ಗೇ ಜಾಸ್ತಿಯಾ ಸಾಮೀ?" ಎಂದು ಕರುಪ್ಪಾಯಿ ಎದ್ದು ಕುಳಿತಳು. ಎಷ್ಟೋ ದಿನದ ಮೇಲೆ ನಕ್ಕಳು ಕೂಡ.

ಹಿಗ್ಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಪಾಪ. ಆ ಕಣಗಳು ಮೈಯ ಕಾವಲಿನವರು. ಎಳೆಯ ಹುಳುಗಳನ್ನು ಮುತ್ತಿ ಅವುಗಳ ಮೇಲೆ ವಿಷ ಸುರಿಯುತ್ತವೆ. ಜೊತೆಯ ಬೇರೆ ಕಣಗಳು ಕರುಳಿನಲ್ಲಿ ಲೋಳೆ ಹೆಚ್ಚಿಸಿ ಹುಳುಗಳನ್ನು ಹೊರದೂಡಲು ನೋಡುತ್ತವೆ. ಇದೆಲ್ಲ ಆಗಿನ ಡಾಕ್ಟರಿಗೂ ತಿಳಿಯದು. ಅಳಗಮ್ಮಾಳಲ್ಲಿ ಆ ಪಡೆ ಗೆದ್ದಿತ್ತು. ಕರುಪ್ಪಾಯಿಯಲ್ಲಿ ಇನ್ನೂ ಹೊಡೆದಾಡುತ್ತಲೇ ಇತ್ತು, ಹುಳುಗಳು ರಕ್ತ ಹೀರುತ್ತಲೇ ಇದ್ದವು.

ಡಾಕ್ಟರು ಹುಳು ಬೀಳಿಸಲು ಓಮದ ಸತ್ವದ ಪುಡಿ ಕೊಟ್ಟರು. ಅದನ್ನು ನುಂಗಿದ ದಿನ ಎಣ್ಣೆ, ತುಪ್ಪ ಸೇರಿದರೆ ಮದ್ದು ರಕ್ತಕ್ಕೇರಿ ಪ್ರಾಣಕ್ಕೇ ಅಪಾಯ ಎಂದರು. ಆದರೆ ದನ ಸಾಕುವ ಆ ಮನೆತನದಲ್ಲಿ ತುಪ್ಪವಿಲ್ಲದೆ ಯಾವ ಮದ್ದೂ ಗಂಟಲಿಳಿದದ್ದಿಲ್ಲ. ಕರುಪ್ಪಾಯಿ ಪುಡಿ ನುಂಗಿದವಳೇ ಬಟ್ಟಲು ತುಂಬ ತುಪ್ಪ ಬಗ್ಗಿಸಿಕೊಂಡಳು. ಅಳಗಮ್ಮಾಳ್ ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದಳು.

"ನಾನು ಒಂದ್ ತೊಟ್ಟು ತುಪ್ಪ ತಿಂದ್ರೂ ನಿನ್ ಕಣ್ಣು ಉರೀತದಾ?"

"ಬೈಯಕ್ಕಾ, ಬೇಕಾದಷ್ಟು ಬೈ. ಇವತ್ತು ತಿನ್ನಕ್ಕೆ ಬಿಡಕಿಲ್ಲ."

ಹುಳು ಬಿದ್ದವು. ಮುಂದಿನ ನಾಟಿಯ ಹೊತ್ತಿಗೆ ಕರುಪ್ಪಾಯಿಯ ಮುಖಕ್ಕೆ ರಕ್ತ ಬಂದಿತ್ತು. ಗದ್ದೆಯಲ್ಲಿ ಅಳಗಮ್ಮಾಳ್ ಸಸಿಯ ಕಟ್ಟನ್ನು ಅವಳ ಕೈಗಿಟ್ಟಳು. "ಊರು ಅಕ್ಕಾ. ನಿನ್ ಜಾಗ."

"ಎಂಥಾ ದೊಡ್ಡ ಮನ್ಸು ಅಳಗಮ್ಮಾಳ್ದು!" ಎಂದರು ಬದುವಿನ ಮೇಲಿದ್ದ ಹೆಂಗಸರು.

ಕರುಪ್ಪಾಯಿ ಮೊದಲ ಸಸಿ ಊರಿದಳು. ಹಕ್ಕಿನಿಂದ ಬಂದಿದ್ದ ಜಾಗ ಇನ್ನು ಅಳಗಮ್ಮಾಳ್ ಬಿಟ್ಟುಕೊಟ್ಟ ಜಾಗ. ಸಂಕಟಕ್ಕೆ ಕಣ್ಣು ತುಂಬಿತು. ಸಾಲು ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ.