ಎಟ್ರಸ್ಕನ್ನರ ಊಟದ ಮಂಚ

ಆರನೇ ಕ್ಲಾಸಿನ ಪ್ರಾಜೆಕ್ಟ್‌ಗೆಂದು ಮಗಳು ರೋಮನ್ನರ ಔತಣದ ಮಾದರಿ ಮಾಡಲು ಕೂತಳು. ಪರದೇಶದ ಈ ಮೀರಾ ಮೆಸಾ ಎಂಬ ಊರಿಗೆ ಬರುವ ಮುಂಚೆ ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವಳು ನಾನು, ಸುಮ್ಮನಿರಲಾಗಲಿಲ್ಲ. ರೋಮನ್ನರನ್ನು ಬಿಡು, ಅವರ ಪಕ್ಕದಲ್ಲೇ ಇದ್ದ ಎಟ್ರಸ್ಕನ್ನರನ್ನು ಮಾಡು ಎಂದೆ. ಅವರ ಹೆಂಗಸರು ಗಂಡಂದಿರ ಜೊತೆ ಒಂದೇ ಮಂಚದ ಮೇಲೆ ಒರಗಿಕೊಂಡು ಊಟ ಮಾಡುತ್ತಿದ್ದರು. ಹೊರಗಿನವರು ಅದನ್ನೇ ಆಡಿಕೊಳ್ಳುತ್ತಿದ್ದರು. ಮಗಳು ಜೇಡಿಮಣ್ಣಿನಲ್ಲಿ ಮಂಚ, ಗಂಡ, ಹೆಂಡತಿ ಮಾಡಿ, ಒಣಗಲೆಂದು ಊಟದ ಮೇಜಿನ ಮೇಲಿಟ್ಟಳು.

ಆ ಶನಿವಾರ ಗಂಡನ ಆಫೀಸಿನ ಕನ್ನಡದ ಗೆಳೆಯರು ಸಂಸಾರ ಸಮೇತ ಊಟಕ್ಕೆ ಬಂದರು. ಎಂದಿನಂತೆ ಗಂಡಸರು ಮೇಜಿಗೆ ಕೂತರು, ಹೆಂಗಸರು ನಾವು ದೋಸೆ ಹುಯ್ಯುತ್ತಾ ಒಲೆಯ ಮುಂದೆ ನಿಂತೆವು. ನನ್ನ ಗಂಡ ಬೊಂಬೆಗಳನ್ನು ತೋರಿಸುತ್ತಾ, “ನೋಡಿ, ಆ ಕಾಲದಲ್ಲೇ ಹೆಂಗಸರಿಗೆ ಎಂಥಾ ಈಕ್ವಾಲಿಟಿ! ನಮ್ಮೋರು ಇನ್ನೂ ಕಲೀಬೇಕು” ಎಂದು ಭಾಷಣ ಬಿಗಿದ. ಎಲ್ಲರೂ ತಲೆದೂಗಿದರು. ಹಾಗೆಂದವನೇ ಅಡುಗೆಮನೆಯ ಕಡೆ ಕೂಗಿದ: “ಲೇ, ಇನ್ನೆರಡು ಬಿಸಿ ದೋಸೆ ತಗೊಂಬಾರೇ!”

ತಗೊಂಡು ಹೋದೆ. ಮಗಳು ಬೊಂಬೆಗಳನ್ನು ಇಟ್ಟಿದ್ದು ನನ್ನ ಕುರ್ಚಿಯ ಮುಂದೆ. ಊಟದ ಹೊತ್ತಿನಲ್ಲಿ ಯಾವತ್ತೂ ಖಾಲಿ ಇರುವ ಜಾಗ ಅದೊಂದೇ ಎಂದು ಅವಳಿಗೆ ಗೊತ್ತಿತ್ತು.