ಇಂಜಿನ್ ಮನೆ ಚೋಮನ ಕಿವಿ

ಮಾದಾಪುರದ ತೋಟಗಳ ಮೇಲೆ ಮಂಜು ಇನ್ನೂ ಹಾಸಿಕೊಂಡು ಮಲಗಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಚೋಮ ಮಾತ್ರ ಎದ್ದಾಗಿದೆ. ಸೀಮೆಎಣ್ಣೆ ಇಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಿಡಿ ಹುಟ್ಟಿಸುವ ಪೆಟ್ಟಿಗೆಯನ್ನು ಮಗುವಿನ ಮೂಗು ಒರೆಸಿದ ಹಾಗೆ ಒರೆಸುತ್ತಾನೆ. ಆಮೇಲೆ ದೊಡ್ಡ ಚಕ್ರಕ್ಕೆ ಎರಡೂ ಕೈ ಕೊಟ್ಟು ಒಂದು ತಿರುವು. ಇಂಜಿನ್ ಕೆಮ್ಮುತ್ತದೆ, ಗೊಣಗುತ್ತದೆ, ಹದಕ್ಕೆ ಬರುತ್ತದೆ.

"ಮಂಜಿನ ದಿನ ಇದಕ್ಕೆ ಸೋಮಾರಿತನ ಸ್ವಾಮಿ," ಎನ್ನುತ್ತಾನೆ ನೋಡಲು ಬಂದವರಿಗೆ. "ಒದ್ದೆಯಾದ್ರೆ ಕಿಡಿ ಹಾರಲ್ಲ. ಬೈದ್ರೆ ಕೇಳಲ್ಲ, ಒರೆಸಿದ್ರೆ ಕೇಳ್ತದೆ."

ಚೋಮ ತೋಟದ ಕೂಲಿಗಳ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವನು, ಅಕ್ಷರ ಕಂಡವನಲ್ಲ. ಇಂಜಿನ್ ಬಂದ ವರ್ಷ ಮೈಸೂರಿನ ಮೇಸ್ತ್ರಿಯೊಬ್ಬ ಎಂಟು ದಿನ ಇದ್ದು ಹೋದ. ಅವನಿಗೆ ನೀರು ಹೊತ್ತು ಕೊಡುತ್ತ ನೋಡಿದ್ದೇ ಇವನ ವಿದ್ಯೆ. ಆಮೇಲೆ ಹನ್ನೆರಡು ಹಂಗಾಮು ಕಳೆದಿವೆ. ದಿನಕ್ಕೆ ಅರುವತ್ತು ಮೂಟೆ ಹಣ್ಣು ಇವನ ಕೈ ಕೆಳಗೆ ಸಿಪ್ಪೆ ಕಳಚುತ್ತದೆ. ಎಡಗೈಯ ಕಿರುಬೆರಳನ್ನು ಇಂಜಿನ್ನಿನ ಪಟ್ಟಿ ಎಂದೋ ಎಳೆದುಕೊಂಡಿದೆ. ಹೆಂಡತಿ ಮಾದಿಯ ದೂರೇ ಬೇರೆ: "ನಾನು ಮೂರು ಸಲ ಕೂಗಿದ್ರೂ ಕೇಳಲ್ಲ. ಅದು ಒಂದು ಸಲ ಸೀನಿದ್ರೆ ಊಟದ ಮುಂದಿಂದ ಎದ್ದು ಓಡ್ತಾನೆ."

ಆ ಕಿವಿಯ ಬೆಲೆ ಊರಿಗೆ ತಿಳಿದದ್ದು ಈ ಮೂವತ್ತಾರನೆಯ ಇಸವಿಯ ಜನವರಿಯಲ್ಲಿ. ಅಂಥದೇ ಮಂಜಿನ ಬೆಳಿಗ್ಗೆ, ಮೇಲಿನ ರಸ್ತೆಯಿಂದ ಢಂ, ಢಂ ಎಂದು ಎರಡು ಸದ್ದು. ಕೊಡಗಿನಲ್ಲಿ ಕೋವಿಯ ಒಂದು ಗುಂಡು ಹಾರಿದರೆ ಗಂಡು ಹುಟ್ಟಿದೆ. ಒಂದರ ಹಿಂದೆ ಒಂದು ಎರಡು ಹಾರಿದರೆ ಸಾವು. ತೋಟದ ಧಣಿ ಸೋಮಯ್ಯನವರ ತಾಯಿ ಬೊಳ್ಳಮ್ಮ ಹಾಸಿಗೆ ಹಿಡಿದು ತಿಂಗಳಾಗಿತ್ತು. ಹಣ್ಣು ಕೊಯ್ಯುವವರು ಕುಕ್ಕೆ ಇಳಿಸಿದರು.

"ಕೋವಿ ಅಲ್ಲ ಅದು," ಎಂದ ಚೋಮ. "ಮೊದ್ಲು ಉಸಿರು ಕಟ್ತು, ಆಮೇಲೆ ಢಂ ಅಂತು. ಮೋಟಾರು ಅದು."

ಯಾರು ಕೇಳುತ್ತಾರೆ? ಎಲ್ಲರೂ ಮೋರೆ ಇಳಿಬಿಟ್ಟುಕೊಂಡು ಸೋಮಯ್ಯನವರ ಮನೆ ಹೊಕ್ಕರೆ, ಬೊಳ್ಳಮ್ಮ ಒಲೆ ಮುಂದೆ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದರು! "ಯಾರು ಹೋದದ್ದು? ತಡೀರಿ, ನಾನೂ ಬರ್ತೇನೆ," ಎಂದರಂತೆ.

ನಾಚಿದ ಜನ ನೇರ ರಸ್ತೆಗೆ ಬಂದರು. ಚೋಮ ಆಗಲೇ ಅಲ್ಲಿದ್ದ. ಬೊಂಬಾಯಿಯಿಂದ ಕನ್ಯಾಕುಮಾರಿಗೆ ಹೊರಟ ನಾಲ್ವರು ಗೆಳೆಯರು ಕೆಟ್ಟು ನಿಂತ ಕಾರಿನ ಸುತ್ತ ರಿಪೇರಿ ಪುಸ್ತಕ ಬಿಡಿಸಿಕೊಂಡು ವಾದಿಸುತ್ತಿದ್ದರು. ಕಾರಿನ ಧಣಿ ಧಾರವಾಡದ ಕುಲಕರ್ಣಿ.

"ಒಳಗೆ ಮಂಜು ಹೊಕ್ಕಿದೆ ಬುದ್ದಿ, ಒರೆಸ್ಲಾ?"

"ಏನಪಾ, ಬೊಂಬಾಯಿ ಮೆಕ್ಯಾನಿಕ್ ನೋಡಿ ಕಳಿಸ್ಯಾನ. ನೀ ಏನ್ ನೋಡತಿ?"

ತೋಟದ ಲೆಕ್ಕ ಬರೆಯುವ ರೈಟರ್ ಮೊಣ್ಣಪ್ಪನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: "ಚೋಮ, ಮುಟ್ಟಿ ಕೆಡಿಸಿದ್ರೆ ನಾಳೆಯಿಂದ ಇಂಜಿನ್ ಮನೆ ಬಾಗಿಲು ತುಳೀಬೇಡ. ಗುದ್ದಲಿ ಕೊಡ್ತೇನೆ."

ಆ ಇಂಜಿನ್ ಬಿಟ್ಟರೆ ಚೋಮನಿಗೆ ಬೇರೆ ಲೋಕವಿಲ್ಲ. ಆದರೂ "ಆಗ್ಲಿ ಅಯ್ಯ" ಎಂದುಬಿಟ್ಟ. ಬೇರೆ ದಾರಿ ಕಾಣದ ಕುಲಕರ್ಣಿ ಬಾನೆಟ್ ಎತ್ತಿದರು. ಕಿಡಿ ಹಂಚುವ ಕರಿ ಮುಚ್ಚಳವನ್ನು ಚೋಮ ತೆಗೆದು ಒರೆಸಿ ಕೂರಿಸಿದ. ಕಾರು ಹೊರಟಿತು, ಹತ್ತು ಮಾರು ಹೋಗಿ ಮತ್ತೆ ಢಂ! ಜನ ಗೊಳ್ಳೆಂದು ನಕ್ಕರು. ಮೊಣ್ಣಪ್ಪನವರು ನಗಲಿಲ್ಲ.

ಚೋಮ ಮತ್ತೆ ಮುಚ್ಚಳ ತೆಗೆದು ಬೆಳಕಿಗೆ ಹಿಡಿದ. ಕೂದಲೆಳೆಯಷ್ಟು ಬಿರುಕು! ಒರೆಸಿದಷ್ಟೂ ಹಸಿ ಅದರೊಳಗೇ ಉಳಿಯುತ್ತಿತ್ತು. ರಸ್ತೆ ಬದಿ ಬೆಂಕಿ ಮಾಡಿ, ದೂರದಿಂದ ಕಾವು ಕೊಟ್ಟು ಒಣಗಿಸಿದ. ಸೊಂಟದ ಕತ್ತಿ ತೆಗೆದು, ಅದರ ಹಿಡಿ ಕಾಯಿಸಿ ಕಿತ್ತ. ಅಲಗನ್ನು ಹಿಡಿಗೆ ಕಚ್ಚಿಸಿದ್ದ ಅರಗು ಮೆತ್ತಗಾಗಿತ್ತು. ಅದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಬಿರುಕಿನುದ್ದಕ್ಕೂ ಎಳೆದ.

ಕಾರು ಮತ್ತೆ ಹೊರಟಿತು. ಈ ಸಲ ಢಂ ಎನ್ನಲಿಲ್ಲ. ಏರು ಹತ್ತಿ, ಒಂದು ಸುತ್ತು ಹಾಕಿ, ಹಾಗೇ ಹಿಂದಕ್ಕೆ ಬಂದು ನಿಂತಿತು. ಕುಲಕರ್ಣಿ ಇಳಿದು ಬಂದು ಚೋಮನ ಮಸಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಇವ ಯಾರ್ರೀ?" ಎಂದು ಮೊಣ್ಣಪ್ಪನವರನ್ನು ಕೇಳಿದರು.

"ನಮ್ಮ ತೋಟದ ಮೆಕ್ಯಾನಿಕ್," ಎಂದರು ಮೊಣ್ಣಪ್ಪನವರು, ಸ್ವಲ್ಪವೂ ತಡವರಿಸದೆ!

ಅದನ್ನು ಹೇಳುವಾಗ ಚೋಮನ ಮುಖ ಅರಳುತ್ತದೆ. ಅಂಥ ಕಾರಿನಲ್ಲಿ ಒಮ್ಮೆ ಕೂತು ಮಡಿಕೇರಿಗೆ ಹೋಗಿಬರುವ ಆಸೆಯಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾನೆ.

"ಕೂತ್ರೆ ಏನು ಕಾಣ್ತದೆ ಸ್ವಾಮಿ? ಆವತ್ತು ಹೆದರಿಕೆಯಲ್ಲಿ ಸರಿಯಾಗಿ ನೋಡೋಕೆ ಆಗ್ಲಿಲ್ಲ. ಏನೂ ಕೆಡದೇ ಇರೋ ಕಾರಿನ ಬಾನೆಟ್ಟನ್ನು ಯಾರಾದ್ರೂ ಒಂದು ಸಲ ಎತ್ತಿ ತೋರಿಸಿದ್ರೆ ಸಾಕು."