ಬುಕ್ಕಸಾಗರದ ಹತ್ತಿರ ಕಾದ ಕಾರು

ನಾನಾಗ ಹೊಸಪೇಟೆಯಲ್ಲಿ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದೆ. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬಾಣಂತಿ, ಅವಳ ತಾಯಿ, ಹಸುಗೂಸು ಮೂವರನ್ನೂ ಕಂಪ್ಲಿಯ ತವರಿಗೆ ಕರೆದೊಯ್ಯುವಾಗ ಬುಕ್ಕಸಾಗರದ ಹತ್ತಿರ ಬಾನೆಟ್ಟಿನಿಂದ ಹಬೆ ಎದ್ದಿತು. ಇಳಿದು ನೋಡಿದರೆ ಫ್ಯಾನ್ ಬೆಲ್ಟ್ ಹರಿದಿತ್ತು.

ಕಾಲುವೆ ಪಕ್ಕದ ಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತಿದ್ದ ಹೆಂಗಸರು ಕೊಡದಲ್ಲಿ ನೀರು ತಂದರು.

"ಈಗ್ಲೇ ಹೊಯ್ಯಬ್ಯಾಡ್ರಿ, ಎಂಜಿನ್ ಆರ್ಲಿ" ಅಂದೆ.

"ಆರ್ಲಿ ಬಿಡ್ರಿ, ಯಾರಿಗ್ ಅವಸರ ಐತಿ?" ಅಂದಳು ಅವರಲ್ಲಿ ಹಿರಿಯಳು. ಅವಳ ಕಣ್ಣು ಕೂಸಿನ ಮೇಲಿತ್ತು. ಕೈ ಕೆಸರಾಗಿದ್ದರಿಂದ ಯಾರೂ ಮುಟ್ಟಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಿಟಕಿಯಲ್ಲಿ ಬಗ್ಗಿ ಬಗ್ಗಿ ನೋಡಿದರು. ಎಂಜಿನ್ ಆರಿದ ಮೇಲೆ ನೀರು ಹೊಯ್ದು, ಡಿಕ್ಕಿಯಲ್ಲಿದ್ದ ಹಳೇ ಬೆಲ್ಟ್ ಹಾಕಿ ಹೊರಟೆ.

ಬಾಣಂತನ ಮುಗಿದು ತಾಯಿ, ಕೂಸು ಹೊಸಪೇಟೆಗೆ ವಾಪಸಾದದ್ದೂ ನನ್ನ ಕಾರಿನಲ್ಲೇ. ಅದೇ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಆ ಹಿರಿಯಳು ನಮ್ಮನ್ನು ಕಂಡವಳೇ ಕೊಡ ತುಂಬಿಕೊಂಡು ರಸ್ತೆಗೆ ಓಡಿ ಬಂದಳು. ನಾನು ಕಾರು ನಿಲ್ಲಿಸಿದೆ.

"ಗಾಡಿ ಕಾದಿಲ್ಲೇನ್ರಿ ಇವತ್ತು?"

ಹೊಸ ಬೆಲ್ಟ್ ಹಾಕಿಸಿದ್ದೆ, ಎಂಜಿನ್ ಚೆನ್ನಾಗೇ ಇತ್ತು. "ಭಾಳ ಕಾದೈತ್ರಿ" ಅಂದು ಇಳಿದು ಬಾನೆಟ್ ಎತ್ತಿದೆ. ಅವಳು ಆ ಕೊಡದ ನೀರಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕೂಸಿಗೆ ಕೈ ಚಾಚಿದಳು.

ಎಂಜಿನ್ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.